ಸೀಗಿ ಹುಣ್ಣಿಮೆಯ ಮುಳ್ಳು

ಚನ್ನಪ್ಪ ಕಾಕಾ, ಬ್ಯಾಡಗಿ ಕೋರ್ಟಿನ ಕಟಕಟೆಯಲ್ಲಿ ನಾನು ಸುಳ್ಳು ಹೇಳಿದೆ. ಆ ಸುಳ್ಳಿನಿಂದಲೇ ನಿಮ್ಮ ಹೊಲದ ನಡುವಿನ ಹಾದಿ ಊರಿನ ರಸ್ತೆಯಾಯಿತು. ಏಳು ವರ್ಷ ಬಾಯಿ ಬಿಡಲಿಲ್ಲ. ಈಗಲೂ ಕ್ಷಮೆ ಕೇಳಲು ಬರೆಯುತ್ತಿಲ್ಲ — ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಳ್ಳಲು, ಅಷ್ಟೇ.

ನಮ್ಮ ಓಣಿಯಿಂದ ಕದರಮಂಡಲಗಿ ಬಸ್ಸಿಗೆ ಹೋಗಲು ನಿಮ್ಮ ಮೆಣಸಿನಕಾಯಿ ಹೊಲ ದಾಟಬೇಕಿತ್ತು. ಇಲ್ಲವಾದರೆ ಕೆರೆ ಸುತ್ತಿ ಕಲ್ಲುದಾರಿಯಲ್ಲಿ. ನಡೆಯುವವರಿಗೆ ಅದೇನು ಮಹಾ! ಪೋಲಿಯೋ ಆದ ನನಗೆ ಮೂರು ಗಾಲಿಯ ಕೈಸೈಕಲ್ಲೇ ಕಾಲು. ಹೊಲಿದ ಬಟ್ಟೆ ಕೊಟ್ಟುಬರಲು ದಿನಾ ಹೋಗುತ್ತಿದ್ದೆ. "ದಾಟ್ಲೇನ್ರಿ ಕಾಕಾ?" ಎನ್ನುತ್ತಿದ್ದೆ. "ದಾಟು ತಂಗಿ, ಕೇಳೂದೇನೈತಿ" ಎನ್ನುತ್ತಿದ್ದಿರಿ. ಎರೆಮಣ್ಣಿನಲ್ಲಿ ಗಾಲಿ ಹೂತರೆ ಹಿಂದಿನಿಂದ ತಳ್ಳುತ್ತಿದ್ದವರೂ ನೀವೇ. ಆದರೆ ಒಂದು ದಿನ ಕೇಳದೆ ದಾಟಿದ್ದರೆ — ಗೊತ್ತಿಲ್ಲ. ದಾಟಿ ನೋಡುವ ಧೈರ್ಯ ನನಗೆ ಬರಲಿಲ್ಲ.

ವರ್ಷಕ್ಕೊಂದು ದಿನ ಮಾತ್ರ ಹಾದಿ ಮುಚ್ಚುತ್ತಿತ್ತು. ಸೀಗಿ ಹುಣ್ಣಿಮೆಯಂದು ಅದರ ಎರಡೂ ತುದಿಗೆ ಜಾಲಿಮುಳ್ಳು ಹಚ್ಚಿ, ಭೂಮಿತಾಯಿಗೆ ಪೂಜೆ ಮಾಡಿ, ನೈವೇದ್ಯದ ಅಡುಗೆಯನ್ನು ಹೊಲದ ತುಂಬ ಚರಗವಾಗಿ ಚೆಲ್ಲುತ್ತಿದ್ದಿರಿ. ಇದು ನಮ್ಮ ಹೊಲ, ನೀವು ಓಡಾಡುವುದು ನಮ್ಮ ಒಪ್ಪಿಗೆಯಿಂದ ಎಂದು ಊರಿಗೆ ನೆನಪಿಸಲು ನಿಮ್ಮ ಅಪ್ಪ ಹಾಕಿಕೊಟ್ಟ ಪದ್ಧತಿ ಅದು. ನಾನು ಈಚೆ ಬಂದು ನಿಂತರೆ ಮುಳ್ಳಿನ ಮೇಲಿಂದ ಕೈಚಾಚಿ ಕಡುಬು ಕೊಡುತ್ತಿದ್ದಿರಿ. ತಿಂದಿದ್ದೇನೆ. ಪ್ರತಿವರ್ಷ ತಿಂದಿದ್ದೇನೆ.

ಓಣಿಯವರು ಡಾಂಬರು ರಸ್ತೆ ಕೇಳಿದರು. "ನಡಕೊಂಡ ಹೋಗ್ರಿ, ಶಾಂತಾನ ಸೈಕಲ್ಲೂ ಹೋಗ್ಲಿ. ರಸ್ತೆಗೆ ಮಾತ್ರ ಬಿಡಂಗಿಲ್ಲ" ಎಂದಿರಿ. ದಾವೆ ಬಿತ್ತು. ಸಾಕ್ಷಿಗೆ ನನ್ನನ್ನು ಕರೆದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜನ ತಡೆಯಿಲ್ಲದೆ, ಯಾರನ್ನೂ ಕೇಳದೆ, ತಮ್ಮ ಹಕ್ಕೆಂದೇ ಓಡಾಡಿದ್ದರೆ ಹಾದಿ ಸಾರ್ವಜನಿಕರದು. ಮಾಲೀಕರ ಒಪ್ಪಿಗೆಯಿಂದ ಓಡಾಡಿದ್ದರೆ ಅಲ್ಲ — ಇಷ್ಟನ್ನು ನಮ್ಮ ವಕೀಲರು ಬಿಡಿಸಿ ಹೇಳಿದ್ದರು. ಸುಳ್ಳು ಹೇಳು ಎಂದು ಅವರು ಹೇಳಿಕೊಡಲಿಲ್ಲ. ಅದು ನನಗೇ ಹೊಳೆಯಿತು.

ನಿಮ್ಮ ವಕೀಲರು ಕೇಳಿದರು: "ಸೀಗಿ ಹುಣ್ಣಿಮಿಗೆ ಹಾದಿಗೆ ಮುಳ್ಳು ಹಚ್ಚತಿದ್ರು, ಹೌದೋ ಅಲ್ಲೋ?"

"ಇಲ್ರಿ. ಒಂದ ದಿನಾನೂ ಹಚ್ಚಿಲ್ಲ. ನಾವು ಯಾರನ್ನೂ ಕೇಳಿ ದಾಟಿಲ್ಲ."

ಕಾಲಿಲ್ಲದ ಇಂಥವಳು ಯಾಕೆ ಸುಳ್ಳು ಹೇಳಿಯಾಳು ಎಂದು ನ್ಯಾಯಾಧೀಶರು ನಂಬಿದರು. ಆ ಕನಿಕರವನ್ನೂ ಬಳಸಿಕೊಂಡೆ.

ಯಾಕೆ ಹೇಳಿದೆ? ಓಣಿಗಾಗಿ ಎಂದರೆ ಇನ್ನೊಂದು ಸುಳ್ಳಾದೀತು. ಕೇಳಿ ಕೇಳಿ ನನಗೆ ಸಾಕಾಗಿತ್ತು, ಕಾಕಾ. ದಿನಬೆಳಗಾದರೆ ಒಬ್ಬರ ಒಳ್ಳೆಯತನದ ಮೇಲೆ ಬದುಕುವುದು — ನಿಮಗದು ಗೊತ್ತಿಲ್ಲ, ನೀವು ಕೊಡುವವರು. ನನಗೆ ದಯೆ ಬೇಡವಾಗಿತ್ತು, ರಸ್ತೆ ಬೇಕಾಗಿತ್ತು. ಸಿಕ್ಕಿತು. ಇಂದು ಅದರ ಮೇಲೆ ಯಾರ ಮುಖವನ್ನೂ ನೋಡದೆ ಹೋಗುತ್ತೇನೆ. ಮರಳಿ ಕೊಡು ಎಂದರೆ ನಾನಾಗಿ ಕೊಡುವುದಿಲ್ಲ.

ಆದರೆ ಡಾಂಬರು ಬಿದ್ದ ವರ್ಷದ ಸೀಗಿ ಹುಣ್ಣಿಮೆ... ಹೊಲದ ಈ ಅರ್ಧದಿಂದ ಆ ಅರ್ಧಕ್ಕೆ ಹೋಗಲು ಚರಗದ ಬುಟ್ಟಿ ಹೊತ್ತು ರಸ್ತೆಯಂಚಿನಲ್ಲಿ ನಿಂತಿದ್ದಿರಿ. ನಾನು ಸೈಕಲ್ ನಿಲ್ಲಿಸಿದೆ. "ದಾಟ್ಲೇನವಾ ಶಾಂತಾ?" ಎಂದಿರಿ. ಅಣಕಿಸಲಿಲ್ಲ — ಅಣಕಿಸಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ನಾನು ಗಾಲಿ ಹಿಂದಕ್ಕೆ ಸರಿಸಿದೆ. ನೀವು ದಾಟಿದಿರಿ. ಕಡುಬು ಕೊಡಲಿಲ್ಲ.

ಈ ಕಾಗದವನ್ನು ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ಎಲ್ಲಿಗೆ ಬೇಕಾದರೂ ಒಯ್ಯಿರಿ; ಕೇಳಿದವರಿಗೆ ಇದನ್ನೇ ಹೇಳುತ್ತೇನೆ. ರಸ್ತೆ ಹೋದರೆ ಮತ್ತೆ ಹೋರಾಡುತ್ತೇನೆ, ಈ ಸಲ ಖರೇ ಹೇಳಿಯೇ. ಆ ವರ್ಷದಿಂದ ಸೀಗಿ ಹುಣ್ಣಿಮೆಯಂದು ನಾನು ಆ ರಸ್ತೆಗೆ ಇಳಿಯುವುದಿಲ್ಲ. ಕೆರೆ ಸುತ್ತಿ ಕಲ್ಲುದಾರಿಯಲ್ಲಿ ಹೋಗುತ್ತೇನೆ, ರಟ್ಟೆ ಬಿದ್ದುಹೋದರೂ. ಆ ದಿನ ಹಾದಿಗೆ ಮುಳ್ಳಿತ್ತು, ಕಾಕಾ. ಪ್ರತಿವರ್ಷ ಇತ್ತು.