ಸಂಡೂರಕ್ಕನ ಬಾಳೆಹಣ್ಣಿನ ಕಡುಬು

ಹೋದ ಭಾನುವಾರ ನಾನು ಹೊರಗಿನ ಕೋಣೆಯಲ್ಲಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಅಡುಗೆಮನೆಯಿಂದ ಒಂದು ವಾಸನೆ ಬಂತು. ಹಣ್ಣಿನ ಪಾಕ ಕಾದ ತಗಡಿನ ಮೇಲೆ ಚೆಲ್ಲಿ, ಮೊದಲು ಸಿಹಿಯಾಗಿ ಆಮೇಲೆ ಕಹಿಯಾಗಿ ಸೀಯುತ್ತದಲ್ಲ, ಆ ವಾಸನೆ. ಬತ್ತಿ ಬೆರಳಲ್ಲೇ ನಿಂತಿತು. ಆ ವಾಸನೆಗೂ ನನಗೂ ಹಳೆಯ ಪರಿಚಯ.

ಹೋಗಿ ನೋಡಿದರೆ ನಮ್ಮ ಪಲ್ಲವಿ ಓವನ್ನಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಫೋನಿನಲ್ಲಿ ನೋಡಿಕೊಂಡು, ಹಿಟ್ಟಿನ ಹಾಳೆಯೊಳಗೆ ಸೇಬುಹಣ್ಣು ತುಂಬಿ, ಅರ್ಧಕ್ಕೆ ಮಡಚಿ, ಅಂಚನ್ನು ಫೋರ್ಕಿನಿಂದ ಒತ್ತಿದ್ದಳು. ಅರ್ಧಕ್ಕರ್ಧ ಬಾಯಿಬಿಟ್ಟು ಹಣ್ಣೆಲ್ಲ ತಟ್ಟೆಗೆ ಚೆಲ್ಲಿತ್ತು.

“ಅಜ್ಜಿ, ಇದಕ್ಕ ಹ್ಯಾಂಡ್ ಪೈ ಅಂತಾರ. ಕೈಯಾಗ ಹಿಡಕೊಂಡು ತಿನ್ನೋದು.”

“ನಾವೇನು ಕಡುಬು ಕಾಲಾಗ ಹಿಡಕೊಂಡು ತಿಂತಿದ್ವೇನಲೇ?” ಅಂದೆ. ಮೊಮ್ಮಕ್ಕಳ ಮುಂದೆ ಮಾತ್ರ ನನಗೆ ಹೀಗೆಲ್ಲ ಬಾಯಿ ಬರುತ್ತದೆ.

ಅಷ್ಟರಲ್ಲಿ ವಾಸನೆ ಹಿಡಿದು ಮೇಲಿನ ಬಾಡಿಗೆ ಮನೆಯ ರೇಣುಕಾ ಇಳಿದು ಬಂದಳು. ನಿಮಗೆಲ್ಲ ಗೊತ್ತಿರುವವಳೇ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಗಂಡ ಅದಿರಿನ ಲಾರಿ ಓಡಿಸುತ್ತಿದ್ದ, ತೀರಿಕೊಂಡ. ಅವಳಿಗಿನ್ನೂ ಎಳೆಯ ವಯಸ್ಸು. ಬಂದವಳೇ ನೆಲಕ್ಕೆ ಕೂತು, ಉಳಿದ ಹಿಟ್ಟನ್ನು ತೆಗೆದುಕೊಂಡು, ಫೋರ್ಕನ್ನು ಆಚೆ ಸರಿಸಿ, ಅಂಚಿಗೆ ಬೆರಳಲ್ಲೇ ಸಣ್ಣ ಸಣ್ಣ ನಿರಿಗೆ ಹಾಕತೊಡಗಿದಳು. ಹೊಸ ಸೀರೆಯ ನಿರಿಗೆಯ ಹಾಗೆ ಒಂದರ ಪಕ್ಕ ಒಂದು. ಒಂದೂ ಒಡೆಯಲಿಲ್ಲ.

ಅಕ್ಕನ ಸೀಮಂತಕ್ಕೆ ಕಡುಬು ಮಾಡುವವರು ಸಿಕ್ಕರೆಂದು ಪಲ್ಲವಿ ಕುಣಿದುಬಿಟ್ಟಳು. “ಆಂಟಿ, ಸವಿತಕ್ಕನ ಕುಬಸದ ಕಡುಬಿಗೆ ನೀವೇ ಬರ್ರಿ!”

ರೇಣುಕಾಳ ಕೈ ನಿಂತಿತು. “ಕುಬಸಕ್ಕ ನಾ ಬ್ಯಾಡವ್ವ. ಮುತ್ತೈದೇರು ಅದಾರಲ್ಲ, ಮಾಡ್ತಾರ” ಎಂದು ಎದ್ದು, ನಲ್ಲಿಯ ಕೆಳಗೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಮೆಟ್ಟಿಲು ಹತ್ತಿ ಹೋದಳು. ಮರುದಿನ ನಾನೇ ಹೋಗಿ ಕರೆದೆ. ನಕ್ಕು ಅದೇ ಮಾತು ಹೇಳಿದಳು.

ಅವಳು ಕೈ ತೊಳೆದ ರೀತಿ ನನ್ನ ಕಣ್ಣಿನಿಂದ ಹೋಗಲಿಲ್ಲ. ನಾನೂ ಒಂದು ಸಲ ಹಾಗೇ ಕೈ ತೊಳೆದು ಎದ್ದುಹೋದವಳು. ಸವಿತಾ, ಪಲ್ಲವಿ, ಆ ಕಥೆ ನಿಮ್ಮ ಅಮ್ಮನಿಗೂ ಪೂರ್ತಿ ಗೊತ್ತಿಲ್ಲ. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಬಿಟ್ಟು ಬೇರೆ ಮಾತಿಗೆ ಹೋಗುತ್ತೇನೆ. ನನ್ನ ತವರೂರು ವಡ್ಡಿನ ಶಾಲೆಯಲ್ಲಿ ಮಾಸ್ತರು ಹೆಸರು ಕೇಳಿದರೆ ಪಕ್ಕದ ಹುಡುಗಿಯ ಕಿವಿಯಲ್ಲಿ ಹೇಳಿ, ಅವಳ ಕೈಲಿ ಹೇಳಿಸುತ್ತಿದ್ದವಳು ನಾನು. ಬರೆಯುವುದಾದರೆ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾಗಿ ಕಂಪ್ಲಿಗೆ ಬಂದಾಗ ಆ ಮನೆಯಲ್ಲಿ ನನಗಿಂತ ಮೊದಲು ಬಂದ ಸೊಸೆಯೊಬ್ಬಳಿದ್ದಳು, ನಿಮ್ಮ ತಾತನ ಅಣ್ಣನ ಹೆಂಡತಿ. ಸಂಡೂರಿನವಳು, ಹಾಗಾಗಿ ಎಲ್ಲರ ಬಾಯಲ್ಲೂ ಸಂಡೂರಕ್ಕ. ಸಂಡೂರಿನಿಂದ ನಮ್ಮ ವಡ್ಡು ಏನು ಮಹಾ ದೂರ? ಆದರೂ ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಾ ಪ್ಯಾಟಿಯಾಕಿ, ನೀ ಹಳ್ಳ್ಯಾಕಿ. ಅಡಗಿ ಮನ್ಯಾಗ ನಾ ಹೇಳಿದ್ದು ಕೇಳಬೇಕು” ಎಂದಳು. ನಾನು ತಲೆಯಾಡಿಸಿದೆ. ಅವಳಿಗೆ ಅದು ಸಾಲಲಿಲ್ಲ. “ಬಾಯಾಗ ನಾಲಿಗಿ ಐತೋ ಇಲ್ಲೋ? ತೆಗಿ, ನೋಡೂನು.” ನಾನು ನಿಜವಾಗಿಯೂ ನಾಲಿಗೆ ತೋರಿಸಿದೆ. ಅವಳು ನಕ್ಕದ್ದು ಬೀದಿಯ ತುದಿಗೂ ಕೇಳಿರಬೇಕು.

ಎತ್ತರದ ಹೆಂಗಸು. ದನಿಯೂ ಎತ್ತರ. ನಾನು ಅವಳ ನೆರಳಲ್ಲಿ ನಿಂತರೆ ಸಾಕು, ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಅದು ನನಗೆ ಎಷ್ಟು ಹಾಯಾಗಿತ್ತೆಂದು ಅವಳಿಗೆ ಗೊತ್ತಿತ್ತೋ ಏನೋ.

ಹೊಳೆಯ ದಂಡೆಗೆ ನಮ್ಮದೊಂದು ಬಾಳೆಯ ತೋಟವಿತ್ತು. ಒಂದು ಬೇಸಿಗೆಯಲ್ಲಿ ಬಿರುಗಾಳಿ ಎದ್ದು ಗಿಡಗಳು ಮಲಗಿದವು. ಗೊನೆಗಳನ್ನು ಮನೆಗೆ ತಂದು ಹಾಕಿದ್ದೇ ಹಾಕಿದ್ದು, ಎಲ್ಲವೂ ಒಟ್ಟಿಗೇ ಹಣ್ಣಾದವು. ಸುಗಂಧಿ ಬಾಳೆ. ಹೆಸರಿಗೆ ತಕ್ಕ ಹಣ್ಣು, ಮನೆಯೆಲ್ಲ ಘಮ. ಆದರೆ ಎಷ್ಟು ತಿನ್ನಲಿಕ್ಕಾಗುತ್ತದೆ? ಆಗ ಸಂಡೂರಕ್ಕ ಹಣ್ಣನ್ನು ಕಿವುಚಿ, ತುಪ್ಪದಲ್ಲಿ ಹುರಿದು, ಕಂಪ್ಲಿಯ ಬೆಲ್ಲ, ಒಣಕೊಬ್ಬರಿ, ಗಸಗಸೆ, ಏಲಕ್ಕಿ ಹಾಕಿ, ತಳ ಬಿಡುವ ತನಕ ಮಗುಚಿ ಹೂರಣ ಮಾಡಿದಳು. ಅದನ್ನು ಕಣಕದೊಳಗೆ ತುಂಬಿ ಕರಿದಳು. ಕಡಲೆಬೇಳೆಯ ಕಡುಬು ಬಿಟ್ಟು ಬೇರೆ ಕಂಡಿರದ ಮನೆ ಅದು. ನಮ್ಮ ಮಾವನವರು ಒಂದು ತಿಂದು, ಇನ್ನೊಂದಕ್ಕೆ ಕೈಯೊಡ್ಡಿದರು. ಅಂದಿನಿಂದ ನಮ್ಮ ಮನೆಯ ಯಾವ ಶುಭಕಾರ್ಯವೂ ಬಾಳೆಹಣ್ಣಿನ ಕಡುಬು ಇಲ್ಲದೆ ನಡೆಯದು.

ನನಗೆ ಕಲಿಸಿದ್ದೂ ಅವಳೇ. ಬೇಳೆಯ ಹೂರಣ ಸಾಧು, ಹಣ್ಣಿನ ಹೂರಣ ಹಾಗಲ್ಲ. ಪೂರ್ತಿ ಆರಬೇಕು. ಬಿಸಿಯಿದ್ದಾಗ ತುಂಬಿದರೆ ಒಳಗೆ ಹಬೆಯಾಡಿ ಎಣ್ಣೆಯಲ್ಲಿ ಒಡೆಯುತ್ತದೆ. ಅಂಚಿಗೆ ಹಾಲಿನ ಬೆರಳು ಸವರಿ ಒತ್ತಬೇಕು, ಆಮೇಲೆ ನಿರಿಗೆ. ನಾನು ಅವಸರ ಮಾಡಿದರೆ ಕೈಮೇಲೆ ಒಂದು ಏಟು. “ಬಿಸಿ ಹೂರಣದ ಬಾಯಿ ಮುಚ್ಚಿದ್ರ ಸುಮ್ನಿರತೈತೇನು? ಅದೇನು ನೀನಾ?”

ಅವಳ ಕಡುಬಿನ ನಿರಿಗೆ ಅಚ್ಚಿನಲ್ಲಿ ಒತ್ತಿದ ಹಾಗೆ. ನನ್ನದು ಸದಾ ಸೊಟ್ಟ. ನಿಮ್ಮ ತಾತ ತಟ್ಟೆಯಲ್ಲಿ ಹುಡುಕಿ ನನ್ನದನ್ನೇ ಎತ್ತಿಕೊಂಡು, “ತಲಿ ಬಾಚದ ಹುಡುಗಿ ಹಂಗ ಐತಿ, ಇದು ನಿಂದಽ” ಎನ್ನುತ್ತಿದ್ದರು. ತಿನ್ನುವಾಗ ಮೊದಲು ಅಂಚು ಕಡಿಯುವರು, ಹೂರಣ ಆಮೇಲೆ. ನಿಮ್ಮ ಅಮ್ಮನೂ ಚಿಕ್ಕವಳಿದ್ದಾಗ ಹಾಗೇ, ಅಪ್ಪನ ಪಕ್ಕ ಕೂತು ಸೊಟ್ಟ ನಿರಿಗೆಯದನ್ನೇ ಆರಿಸಿಕೊಂಡು.

ಸಂಡೂರಕ್ಕನ ಜಂಭದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಒಂದು ವರ್ಷ ಅವಳ ತಮ್ಮ ಸಂಡೂರಿನ ಗುಡ್ಡದ ಸೀತಾಫಲ ಒಂದು ಬುಟ್ಟಿ ತಂದ. ಇದರದ್ದೂ ಕಡುಬು ಮಾಡುತ್ತೇನೆ ಎಂದು ಹಟ ಹಿಡಿದಳು. ಸೀತಾಫಲವನ್ನು ಕಾಯಿಸಿದರೆ ಕಹಿಯಾಗುತ್ತದೆ, ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮೊದಲ ತುತ್ತಿಗೇ ಎಲ್ಲರೂ ಮುಖ ಸಿಂಡರಿಸಿದರು. ಸಂಡೂರಕ್ಕ ಮಾತ್ರ ಒಂದನ್ನು ಪೂರ್ತಿ ಅಗಿದು ನುಂಗಿ, “ಕಹಿ ಏನಲ್ಲ, ಔಷಧಿ ಗುಣ. ಪಿತ್ತಕ್ಕ ಭಾಳ ಚಲೋ. ತಿನ್ರಿ, ಜಲ್ದಿ ತಿನ್ರಿ” ಎಂದು ಎಲ್ಲರ ಕೈಗೂ ಇನ್ನೊಂದೊಂದು ಕೊಟ್ಟಳು. ಕೈಯಡುಗೆ ಕೆಟ್ಟಿತೆಂದು ಅವಳ ಬಾಯಲ್ಲಿ ಬಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ನಿಮ್ಮ ತಾತ ತೀರಿಕೊಂಡ ಮರುವರ್ಷ ಮಗಳಿಗೆ, ಅಂದರೆ ನಿಮ್ಮ ಅಮ್ಮನಿಗೆ, ಕುಬಸ ಬಂತು. ಸವಿತಾ, ಹೊಟ್ಟೆಯಲ್ಲಿದ್ದವಳು ನೀನೇ. ಹೊಸಪೇಟೆಯ ಬೀಗರ ಮನೆಗೆ ತವರಿನಿಂದ ಹಸಿರು ಸೀರೆ, ಬಳೆ, ಬುತ್ತಿ ಒಯ್ಯಬೇಕು. ಹಿಂದಿನ ದಿನ ಪಡಸಾಲೆಯಲ್ಲಿ ನಂಟರ ಹೆಂಗಸರೆಲ್ಲ ಸೇರಿದ್ದರು. ನಾನು ಎಂದಿನಂತೆ ಬಾಳೆಹಣ್ಣು ಸುಲಿಯಲು ಕೂತೆ. ನಮ್ಮ ಮಾವನವರ ಅಕ್ಕ, ಎಲ್ಲರಿಗೂ ದೊಡ್ಡತ್ತೆ, ನನ್ನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟರು. “ನೀ ಒಳಗ ಕುಂದ್ರವ್ವ. ಚೊಚ್ಚಲ ಬಸರಿಗೆ ಹೋಗೋ ಬುತ್ತಿ. ನಿನಗ್ಯಾಕ ತ್ರಾಸು.”

ಕೆಟ್ಟ ಮಾತಲ್ಲ. ಜರೆದು ಹೇಳಿದ್ದೂ ಅಲ್ಲ. ಅವರ ದನಿಯಲ್ಲಿ ಮರುಕವೇ ಇತ್ತು. ನಾನು ಕೈ ತೊಳೆದು ಹಿಂದಿನ ಕೋಣೆಗೆ ಹೋದೆ. ಮುತ್ತೈದೆಯರ ಸಾಲಿನಲ್ಲಿ ಕೂರಬೇಕೆಂಬ ಆಸೆ ನನಗಿರಲಿಲ್ಲ. ಇದ್ದದ್ದು ಒಂದೇ ಆಸೆ, ನನ್ನ ಮಗಳು ಆ ದಿನ ನನ್ನ ಕೈಯ ಒಂದು ಕಡುಬು ತಿನ್ನಬೇಕು. ಅದನ್ನು ಕೇಳುವ ಬಾಯಿ ನನ್ನದಲ್ಲ.

ಕೋಣೆಯ ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು. ಸಂಡೂರಕ್ಕ ಒಲೆಯಿಂದ ಹೂರಣದ ಬೋಗುಣಿ ಇಳಿಸಿದಳು. ಹಬೆ ಏಳುತ್ತಿತ್ತು. ಆರಲು ಇಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಬೆರಳು ಸುಟ್ಟುಕೊಳ್ಳುತ್ತ ಹಾಗೇ ತುಂಬತೊಡಗಿದಳು. ಹಾಲಿನ ಬಟ್ಟಲು ಪಕ್ಕದಲ್ಲೇ ಇತ್ತು, ಅದರಲ್ಲಿ ಬೆರಳೇ ಅದ್ದಲಿಲ್ಲ. ಅಕ್ಕ ಮರೆತಳೇ? ಕೂಗಿ ಹೇಳಲೇ? ಹೇಳಲಿಲ್ಲ.

ಮೊದಲ ಕಡುಬುಗಳು ಬಾಣಲೆಗೆ ಬಿದ್ದು ಚಟಚಟ ಸಿಡಿದವು. ಬೆಲ್ಲ ಹಣ್ಣು ಎಲ್ಲ ಎಣ್ಣೆಗೆ ಚೆಲ್ಲಿ, ಕರ್ರಗಾಗಿ, ಮನೆ ತುಂಬ ಆ ವಾಸನೆ. ಎಣ್ಣೆ ಬದಲಾಯಿಸಿದರು. ಮತ್ತೆ ಒಡೆದವು. ಹೆಂಗಸರು ಮುಖ ಮುಖ ನೋಡಿಕೊಂಡರು. ಕುಬಸದ ಕಡುಬು ಒಡೆಯುವುದೆಂದರೇನು!

ಸಂಡೂರಕ್ಕ ಜಾಲರಿ ಸೌಟನ್ನು ನೆಲಕ್ಕಿಟ್ಟು ಎದ್ದಳು. ಸೆರಗು ಸೊಂಟಕ್ಕೆ ಸಿಗಿಸಿದಳು.

“ನನ್ನ ಕೈ ಹೋತು ನೋಡ್ರಿ” ಎಂದಳು, ಬೀದಿಗೆ ಕೇಳುವ ಹಾಗೆ. “ವಯಸ್ಸಾತು. ಇನ್ನು ನನ್ನ ಕೈಲೆ ಹಣ್ಣಿನ ಕಡುಬು ಆಗಂಗಿಲ್ಲ. ಒಡಿಲಾರದಂಗ ಮಾಡಾಕಿ ಈ ಮನ್ಯಾಗ ಇನ್ನೊಬ್ಬಾಕಿ ಅದಾಳ. ಆಕಿನ್ನ ಒಳಗ ಕುಂದರಿಸೀರಿ.”

ದೊಡ್ಡತ್ತೆ ತಡವರಿಸಿದರು. “ಹಂಗಲ್ಲವ್ವ, ಆಕಿ ಕೈಲೆ ಕುಬಸದ್ದು...”

“ಹಂಗಾರ ಬಿಡ್ರಿ, ಒಡದದ್ದನ್ನಽ ಕಟಿಗೊಂಡು ಹೋಗೂನು. ಬೀಗರ ಮುಂದ ಡಬ್ಬಿ ಮುಚ್ಚಳ ಮಾತ್ರ ನೀವಽ ತೆಗೀಬೇಕು. ನಾ ಹಿಂದ ನಿಂತಿರತೀನಿ.”

ಯಾರೋ ಕಿಸಕ್ಕನೆ ನಕ್ಕರು. ದೊಡ್ಡತ್ತೆ ಕರ್ರಗಿನ ಎಣ್ಣೆಯನ್ನು ನೋಡಿದರು. ಆಮೇಲೆ ಕೋಣೆಯ ಕಡೆ ತಿರುಗಿ, “ಬಾರವ್ವ, ಹೊತ್ತಾತು” ಎಂದರು.

ನಾನು ಬಂದು ಕೂತೆ. ಕಣ್ಣಲ್ಲಿ ನೀರು ತುಂಬಿ ಕಣಕವೇ ಕಾಣದು. ಸಂಡೂರಕ್ಕ ಪಕ್ಕದಿಂದ ಹೂರಣದ ಇನ್ನೊಂದು ಬೋಗುಣಿ ನನ್ನ ಮುಂದೆ ತಳ್ಳಿದಳು. ಅದು ತಣ್ಣಗೆ ಆರಿತ್ತು. ಯಾವಾಗ ತೆಗೆದು ಬೇರೆ ಇಟ್ಟಿದ್ದಳೋ! “ನಿರಿಗಿ ಹಾಕಾಕತ್ತೀಯೋ, ಗೋಣಿಚೀಲ ಹೊಲಿಯಾಕತ್ತೀಯೋ? ಎಷ್ಟು ವರ್ಷ ಕಲಿಸಬೇಕು ಈ ಹಳ್ಳ್ಯಾಕಿಗೆ” ಎಂದು ಬೈದಳು. ಬೈಗುಳ ಕೇಳಿ ನಗು ಬಂತು. ಕಣ್ಣೀರು ಹಿಟ್ಟಿಗೆ ಬೀಳದೆ ಉಳಿಯಿತು. ಆ ದಿನ ಎಲ್ಲ ಕಡುಬಿನ ಅಂಚೂ ಸೊಟ್ಟವೇ. ಒಂದೂ ಒಡೆಯಲಿಲ್ಲ.

ಮರುದಿನ ಬೀಗರ ಮನೆಯಲ್ಲಿ ನಾನು ಬಾಗಿಲ ಪಕ್ಕ ಹಿಂದೆ ಕೂತಿದ್ದೆ. ಉಡಿ ತುಂಬಿದ ಮೇಲೆ ಮಗಳ ಮುಂದೆ ಡಬ್ಬಿ ತೆರೆದರು. ಅವಳು ಒಂದು ಕಡುಬು ಎತ್ತಿ, ಅಂಚನ್ನು ನೋಡಿ, ತಲೆಯೆತ್ತಿ ಅಷ್ಟು ಜನರ ನಡುವೆ ನನ್ನನ್ನು ಹುಡುಕಿದಳು. ನಾನು ಸಿಕ್ಕ ಮೇಲೆ ಅಂಚು ಕಡಿದಳು. ಹೂರಣ ಆಮೇಲೆ, ಅವಳಪ್ಪನ ಹಾಗೆ.

ಆ ದಿನದಿಂದ ನಮ್ಮ ನಂಟರಲ್ಲಿ “ಸಂಡೂರಕ್ಕನ ಕೈ ಹೋಗೈತಿ” ಎಂಬ ಮಾತು ಹಬ್ಬಿತು. ಮದುವೆಗಳಿಗೆ ಕಡುಬಿಗೆ ನನ್ನನ್ನು ಕರೆಯುತ್ತಿದ್ದರು, ಅವಳನ್ನು ತರಕಾರಿ ಹೆಚ್ಚಲು. ಸೀತಾಫಲದ ಕಹಿಯನ್ನೇ ಔಷಧಿ ಎಂದವಳು ಈ ಮಾತನ್ನು ಹೇಗೆ ಸಹಿಸಿದಳೋ. ಮೂಲೆಯಲ್ಲಿ ಈಳಿಗೆಮಣೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತ ನನ್ನ ನಿರಿಗೆಯನ್ನು ಆಡಿಕೊಳ್ಳುತ್ತಿದ್ದಳು, ಅಷ್ಟೆ.

ಎಷ್ಟೋ ವರ್ಷದ ಮೇಲೆ ನಾವಿಬ್ಬರೂ ಸಂಡೂರಿಗೆ ಬಸ್ಸಿನಲ್ಲಿ ಹೋಗುವಾಗ ಧೈರ್ಯ ಮಾಡಿ ಕೇಳಿದೆ. “ಅಕ್ಕ, ಅವತ್ತು ನೀ ಹಾಲು ಸವರಲಿಲ್ಲ. ಹೂರಣಾನೂ ಬಿಸಿ ಇತ್ತು. ನಾ ನೋಡಿನಿ.”

ಅವಳು ಕಿಟಕಿಯಾಚೆ ಗುಡ್ಡ ನೋಡುತ್ತಿದ್ದಳು. ಮುಖ ತಿರುಗಿಸಲಿಲ್ಲ. “ಅವತ್ತು ಎಣ್ಣಿ ಸರಿ ಇದ್ದಿಲ್ಲ” ಎಂದಳು. “ಟಿಕೆಟ್ ಭದ್ರ ಇಟಗೊಂಡೀಯಿಲ್ಲೋ?”

ಅದಾದ ಮೇಲೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಈಗ ಅವಳಿಲ್ಲ. ಅವಳಷ್ಟು ದೊಡ್ಡ ಹೆಂಗಸನ್ನು ನಾನು ಮತ್ತೆ ನೋಡಿಲ್ಲ.

ಭಾನುವಾರ ಪಲ್ಲವಿ ಒಡೆದವನ್ನೆಲ್ಲ ಎಸೆಯಲು ಹೊರಟಿದ್ದಳು. ನಾನು ತಟ್ಟೆ ಇಸಿದುಕೊಂಡು ಒಡೆದದ್ದನ್ನೇ ಎತ್ತಿ ತಿಂದೆ. “ಅಜ್ಜಿ, ಚಲೋದು ತಗೋ” ಎಂದಳು. ಇದಕ್ಕಿಂತ ಚಲೋದು ಯಾವುದೆಂದು ನಿನಗೀಗ ತಿಳಿದಿರಬೇಕು, ಪಲ್ಲವಿ.

ಬರುವ ತಿಂಗಳು ಸವಿತಾಳ ಕುಬಸ. ಈಗ ಈ ಮನೆಯಲ್ಲಿ ರೇಣುಕಾಳನ್ನು ಒಳಗೆ ಹೋಗು ಎನ್ನುವವರು ಯಾರೂ ಇಲ್ಲ. ಆದರೆ ಅವಳೇ ಹೋಗಿ ಕೂತಿದ್ದಾಳೆ. ಕರೆದರೆ ಬರುವುದಿಲ್ಲ, ನೋಡಿದೆನಲ್ಲ. ಕಡುಬು ಒಡೆಯುತ್ತಿವೆ ಎಂದರೆ ಮಾತ್ರ ಬಂದೇ ಬರುತ್ತಾಳೆ. ಅಂಥ ಕೈ ಅದು, ಸುಮ್ಮನೆ ನೋಡುತ್ತ ಕೂರಲಾರದು.

ಸಂಡೂರಕ್ಕನ ಹಾಗೆ ಸೆರಗು ಸಿಗಿಸಿ ನಾಲ್ಕು ಜನರ ನಡುವೆ ನಿಂತು ಮಾತಾಡಲು ನನಗೆ ಈ ವಯಸ್ಸಿಗೂ ಬಂದಿಲ್ಲ. ಆದರೆ ಹೂರಣ ಆರುವ ಮೊದಲೇ ತುಂಬಲು ಬರುತ್ತದೆ. ಮೊದಲ ಬಾಣಲೆ ನನ್ನದು. ಎಣ್ಣೆಯಲ್ಲಿ ಕಡುಬು ಬಾಯಿಬಿಟ್ಟರೆ ಯಾರೂ ಗಾಬರಿಯಾಗಬೇಡಿ. ಅಜ್ಜಿಯ ಕೈ ಹೋಯಿತು ಎಂದು ನಂಟರು ಅಂದರೆ ಅನ್ನಲಿ. ಪಲ್ಲವಿ, ನೀನು ಓಡಿ ಮೆಟ್ಟಿಲು ಹತ್ತಿ ರೇಣುಕಾಳನ್ನು ಕರೆದುಕೊಂಡು ಬಾ. ಆರಿದ ಹೂರಣದ ಬೋಗುಣಿ ಕಪಾಟಿನ ಕೆಳಗಿರುತ್ತದೆ, ಅವಳ ಮುಂದೆ ತಳ್ಳು.

ಏನಾಯಿತು ಎಂದು ಅವಳು ಕೇಳಿದರೆ, ಎಣ್ಣೆ ಸರಿ ಇರಲಿಲ್ಲ ಎಂದು ಹೇಳು.