ಬಾಯಿ ತೆರೆದು ನಿಂತ ದೆವ್ವ ಮತ್ತು ಅಕ್ಕನ ಎಲೆ ತೋಟ

ಹೋದ ಭಾನುವಾರ ಸವಣೂರಿನಲ್ಲಿ ಅಕ್ಕನ ಮನೆಯಲ್ಲಿ ಕುಳಿತು ಹೊಸದೊಂದು ಹಾರರ್ ಸೀರೀಸ್ ನೋಡಿದೆ. ಹೆದರಿದ್ದು ಒಬ್ಬರೇ. ಅಕ್ಕನ ಬೆಕ್ಕು.

ಅದೂ ದೆವ್ವಕ್ಕಲ್ಲ, ಸೌಂಡಿಗೆ. ಬಾಗಿಲು ತೆರೆದರೆ ಢಂ. ಕಿಟಕಿ ತೆರೆದರೆ ಢಂ. ಫ್ರಿಜ್ ತೆರೆದರೂ ಢಂ. ಮೊದಲನೇ ಢಂಗೆ ಬೆಕ್ಕು ಕಪಾಟಿನ ಮೇಲೆ ಜಿಗಿಯಿತು. ಎರಡನೆಯದಕ್ಕೆ ಕಿವಿ ನಿಮಿರಿಸಿತು. ಮೂರನೆಯದಕ್ಕೆ ಅಲ್ಲೇ ಮುದುಡಿ ಮಲಗಿತು. ಬೆಕ್ಕಿಗೆ ತಿಳಿದದ್ದು ಡೈರೆಕ್ಟರಿಗೆ ತಿಳಿಯಬಾರದೇ?

ನನಗೆ ಹಾರರ್ ಅಂದರೆ ಪ್ರಾಣ. (ದೆವ್ವವನ್ನು ನಂಬುವುದಿಲ್ಲ. ನಂಬದವರಿಗೇ ಈ ಚಟ ಜಾಸ್ತಿ ಅಂತ ನನ್ನ ಹೆಂಡತಿ ಹೇಳುತ್ತಾಳೆ.) ಈಚೆಗೆ ಬಂದ ಯಾವುದನ್ನೂ ಬಿಟ್ಟಿಲ್ಲ. ಪ್ರತಿ ಸಲ ಆಸೆಯಿಂದ ಕೂರುತ್ತೇನೆ, ಪ್ರತಿ ಸಲ ಆಕಳಿಸುತ್ತ ಏಳುತ್ತೇನೆ. ಹೋದ ತಿಂಗಳು ಹಾನಗಲ್ಲಿನ ಗೆಳೆಯನೊಬ್ಬನನ್ನು ಹುಬ್ಬಳ್ಳಿಯ ಮಲ್ಟಿಪ್ಲೆಕ್ಸಿಗೆ ಎಳೆದುಕೊಂಡು ಹೋದೆ. ಟ್ರೇಲರ್ ಬಗ್ಗೆ ಶಿಗ್ಗಾಂವಿ ದಾಟುವವರೆಗೂ ಅವನ ತಲೆ ತಿಂದಿದ್ದೆ. ಸಿನಿಮಾ ಶುರುವಾಯಿತು, ಅವನು ನಿದ್ದೆ ಹೋದ. ಇಂಟರ್ವಲ್ಲಿನಲ್ಲಿ ನಾನು ಅಲುಗಾಡಿಸಿ ಎಬ್ಬಿಸಿದಾಗ ಮಾತ್ರ ಬೆಚ್ಚಿಬಿದ್ದ.

ಏನಾಗಿದೆ ಇವರಿಗೆ? ಮೊದಲ ಕಂತಿನಲ್ಲೇ ದೆವ್ವದ ಮುಖ ತೋರಿಸಿಬಿಡುತ್ತಾರೆ. ಅದೂ ಎಲ್ಲ ದೆವ್ವಕ್ಕೂ ಒಂದೇ ಬ್ಯೂಟಿ ಪಾರ್ಲರ್: ಅದೇ ಬಿಳಿ ಲೆನ್ಸು, ಅದೇ ಕೆದರಿದ ಕೂದಲು. ಕೊನೆಯ ಕಂತಿನಲ್ಲಿ ಕನ್ನಡಕದ ಪ್ರೊಫೆಸರ್ ಒಬ್ಬ ಬಂದು ಎಲ್ಲವನ್ನೂ ಬಿಡಿಸಿ ಹೇಳುತ್ತಾನೆ. ದೆವ್ವ ಸುಟ್ಟು ಬೂದಿಯಾಗುತ್ತದೆ. ಆಮೇಲೆ ಬೂದಿಯಲ್ಲಿ ಒಂದು ಬೆರಳು ಅಲ್ಲಾಡುತ್ತದೆ, ಯಾಕೆಂದರೆ ಸೀಸನ್ ಎರಡು ಬರಬೇಕಲ್ಲ.

ಅಕ್ಕ ಖಾರಾದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು. ಹೀರೋಯಿನ್ ಕತ್ತಲೆಯ ನೆಲಮಾಳಿಗೆಗೆ ಇಳಿಯುತ್ತಿದ್ದಳು.

"ಈಕಿ ಯಾಕ ಒಬ್ಬಾಕಿನ ಕೆಳಗ ಹೊಂಟಾಳೋ? ಲೈಟ್ ಹಾಕಬಾರ್ದೇನು?"

"ಲೈಟ್ ಹಾಕಿದ್ರ ಸೀರೀಸ್ ಮುಗೀತೈತಿ ಅಕ್ಕಾ."

"ಮುಗೀಲಿ ಬಿಡು. ಆಕಿಗೂ ಒಂದೀಟು ಪುರುಸೊತ್ತು ಸಿಗ್ತೈತಿ."

ಅಷ್ಟರಲ್ಲಿ ಖಾದರಸಾಬ ಕಾಕಾ ಬಂದರು. ಅಕ್ಕನ ವೀಳ್ಯದೆಲೆ ತೋಟವನ್ನು ಈಗ ನೋಡಿಕೊಳ್ಳುವವರು ಅವರೇ. ಮೊದಲು ಅವರೂ ಮಾವನೂ ಕೂಡಿ ನೋಡಿಕೊಳ್ಳುತ್ತಿದ್ದರು. ಮಾವ ಅಂದರೆ ಅಕ್ಕನ ಗಂಡ. ತೀರಿಕೊಂಡು ವರ್ಷವಾಗುತ್ತ ಬಂತು. ಎಲೆ ಕೊಯ್ಯುತ್ತಿದ್ದವರು ಎದೆ ಹಿಡಿದುಕೊಂಡು ತೋಟದಲ್ಲೇ ಕುಸಿದರು. ಅವತ್ತಿನಿಂದ ಅಕ್ಕ ಅತ್ತ ಕಾಲಿಟ್ಟಿಲ್ಲ. ತೋಟ ಇರುವುದು ಹಿಂದಿನ ರಸ್ತೆಯ ಆಚೆ. ಹಿತ್ತಲಿನ ಬಾಗಿಲು ತೆರೆದರೆ ಕಾಣುತ್ತದೆ ಅಂತ ಆ ಬಾಗಿಲನ್ನೂ ಅವಳು ತೆರೆಯುತ್ತಿರಲಿಲ್ಲ.

ಕಾಕಾ ಹೊಸ್ತಿಲ ಹತ್ತಿರವೇ ನಿಂತು ಹೇಳಿದರು. "ಯವ್ವಾ, ಬಳ್ಳಿ ತುದಿ ಮುಟ್ಟ್ಯಾವು. ಈಗ ಇಳಸಿದ್ರ ಉಳೀತಾವು. ಇಲ್ಲಾಂದ್ರ ತೋಟ ತಗಿಯೂದ ಛಲೋ. ಒಮ್ಮಿ ಬಂದು ನೋಡಿ ಹೇಳವಾ."

ಎಲೆಬಳ್ಳಿ ಆಸರೆ ಮರದ ತುದಿಗೆ ಹೋದ ಮೇಲೆ ಅದನ್ನು ಬಿಡಿಸಿ ಕೆಳಗಿಳಿಸುತ್ತಾರೆ. ಬುಡದಲ್ಲಿ ಸುರುಳಿ ಸುತ್ತಿ ಮಣ್ಣು ಮುಚ್ಚುತ್ತಾರೆ. ಅಲ್ಲಿಂದ ಮತ್ತೆ ಹೊಸದಾಗಿ ಏರುತ್ತದೆ. ಹೊತ್ತಿಗೆ ಸರಿಯಾಗಿ ಆಗಬೇಕಾದ ಕೆಲಸ ಅದು.

"ನೀವ ನೋಡ್ರಿ ಕಾಕಾ. ನಿಮಗ ಗೊತ್ತಿಲ್ಲದ್ದು ಏನೈತಿ?"

"ಕೆಲಸ ನಾ ಮಾಡ್ತೇನಿ. ಉಳಸೂದು ಬಿಡೂದು ನಾ ಹ್ಯಾಂಗ ಹೇಳ್ಲಿ? ಅದು ನಿಂದು."

ಅಕ್ಕ ಟಿವಿಯತ್ತ ಮುಖ ತಿರುಗಿಸಿದಳು. ನೋಡುತ್ತಿರಲಿಲ್ಲ ಅಂತ ನನಗೆ ಗೊತ್ತಿತ್ತು. ಅಲ್ಲಿ ನೆಲಮಾಳಿಗೆಯ ದೆವ್ವ ಮೂಲೆಯಿಂದ ಎದ್ದು ಬಾಯಿ ತೆರೆದಿತ್ತು.

"ಅದನ್ನ ನಿಲ್ಲಸು," ಅಂದಳು. "ಹೋಗಿ ಬರೂಣು."

ನಾನು ಪಾಜ್ ಒತ್ತಿದೆ. ದೆವ್ವ ಬಾಯಿ ತೆರೆದುಕೊಂಡೇ ನಿಂತಿತು.

ಹೊರಗೆ ಸುಡು ಬಿಸಿಲು. ತೋಟದ ಬೇಲಿಯ ಹತ್ತಿರ ಮೂವರೂ ಚಪ್ಪಲಿ ಬಿಟ್ಟೆವು. ಎಲೆ ತೋಟದೊಳಗೆ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ತಗ್ಗಾದ ಬಾಗಿಲು, ತಲೆ ಬಾಗಿಸಿಯೇ ಒಳಗೆ ಹೋಗಬೇಕು. ನಾನು ಬಾಗಿದೆ. ಅಕ್ಕ ನನ್ನ ತೋಳು ಹಿಡಿದಳು.

"ತಡಿ. ಇನ್ನಾ ಹೇಳಿಲ್ಲ."

ನನಗೆ ಮರೆತೇಹೋಗಿತ್ತು. ಮಾವನ ಮನೆತನದಲ್ಲಿ ಇದೊಂದು ಪದ್ಧತಿ. ತೋಟಕ್ಕೆ ಕಾಲಿಡುವ ಮೊದಲು "ಬರಾಕತ್ತೇವ್ರಿ" ಅಂತ ಒಳಗೆ ಕೇಳುವ ಹಾಗೆ ಹೇಳಬೇಕು. ಯಾರಿಗೆ? ಒಮ್ಮೆ ಮಾವನನ್ನೇ ಕೇಳಿದ್ದೆ. "ಒಳಗಿದ್ದವರಿಗೆ" ಅಂದಿದ್ದರು. ಒಳಗೆ ಯಾರಿದ್ದಾರೆ ಅಂತ ಕೇಳಿದರೆ "ಇದ್ದವರು" ಅಂತ ನಕ್ಕಿದ್ದರು. (ಹಾವಿಗೆ ಹೇಳೋದು ಅನ್ನುವುದು ಕಾಕಾನ ವಾದ. ಹಾಗಂತ ಅವರೂ ಬಿಸ್ಮಿಲ್ಲಾ ಅನ್ನದೆ ಒಳಗೆ ಹೋದವರಲ್ಲ.) ಎಷ್ಟೋ ಸಲ ನಾನೂ ಅದನ್ನು ತಮಾಷೆಯಾಗಿ ಹೇಳಿ ಒಳಗೆ ಹೋಗಿದ್ದೇನೆ.

ಅಕ್ಕ ಸೆರಗು ಸರಿ ಮಾಡಿಕೊಂಡಳು.

"ಬರಾಕತ್ತೇನ್ರಿ," ಅಂದಳು.

ಅಂದು, ನಿಂತಳು.

ಇಷ್ಟು ವರ್ಷ ಯಾರೂ ನಿಂತಿರಲಿಲ್ಲ. ಹೇಳುತ್ತಿದ್ದೆವು, ನುಗ್ಗುತ್ತಿದ್ದೆವು. ಅಕ್ಕ ಕಾಯುತ್ತಿದ್ದಳು. ಕಾಕಾ ತಲೆ ತಗ್ಗಿಸಿದರು. ಢಂ ಇಲ್ಲ, ಪಿಟೀಲು ಇಲ್ಲ. ನಡುಮಧ್ಯಾಹ್ನದಲ್ಲೂ ಒಳಗೆ ಹಸಿರು ಕತ್ತಲೆ. ನೆನೆದ ಮಣ್ಣಿನ ವಾಸನೆಯ ತಂಪು ಗಾಳಿ ಮುಖಕ್ಕೆ ಬಂತು. ಮರದಿಂದ ಮರಕ್ಕೆ ಎಲೆ, ಎಲೆಯ ಹಿಂದೆ ಎಲೆ. ಎಲ್ಲಿ ಮುಗಿಯುತ್ತದೆ ಅಂತ ಕಾಣಲಿಲ್ಲ. ಎಷ್ಟು ದೊಡ್ಡದು ಈ ತೋಟ ಅನ್ನಿಸಿತು. ಅರ್ಧ ಎಕರೆಯೂ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು.

ನನ್ನ ಮೈಮೇಲೆ ಮುಳ್ಳೆದ್ದವು. ಕೈ ತಾನಾಗಿ ಮುಗಿದುಕೊಂಡಿತು. ಯಾವ ಸಿನಿಮಾವೂ ಮಾಡದ ಕೆಲಸ. ದೆವ್ವ ನಂಬದ ನಾನು ಕಣ್ಣು ಕಿರಿದಾಗಿಸಿ ಬಳ್ಳಿಗಳ ಸಾಲಿನಲ್ಲಿ ಹುಡುಕುತ್ತಿದ್ದೆ. ಬರಲಿ ಅಂತ. ಮಾವನ ಬಿಳಿ ಅಂಗಿಯಾದರೂ ಸರಿದಾಡಲಿ ಅಂತ. ಇಷ್ಟು ವರ್ಷ ದೆವ್ವ ಬಂದೀತು ಅಂತ ಹೆದರಲು ದುಡ್ಡು ಕೊಟ್ಟವನು, ಅವತ್ತು ಬರಲಿಲ್ಲವಲ್ಲ ಅಂತ ಸಂಕಟಪಟ್ಟೆ.

ಒಳಗೆಲ್ಲೋ ಒಂದು ಎಲೆ ಅಲ್ಲಾಡಿತು. ಗಾಳಿಗಿರಬೇಕು. ಅಕ್ಕ "ಹೂಂ" ಅಂದಳು, ಬಾಗಿ ಒಳಗೆ ಹೋದಳು.

ನೇರವಾಗಿ ನೀರಿನ ಕಾಲುವೆಯ ಹತ್ತಿರಕ್ಕೆ ನಡೆದಳು. ಮಾವ ಬಿದ್ದದ್ದು ಅಲ್ಲೇ. ಅಲ್ಲಿಯ ಬಳ್ಳಿಯೂ ಮರದ ತುದಿ ಮುಟ್ಟಿ, ಇನ್ನು ಏರಲು ಜಾಗವಿಲ್ಲದೆ ಗಾಳಿಯಲ್ಲಿ ತೂಗಾಡುತ್ತಿತ್ತು. ಅದರ ಮೇಲೆ ಕೈಯಾಡಿಸಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಇಳಸೂಣು ಕಾಕಾ," ಅಂದಳು. "ನಾಳೆ ಆಳು ಕರೀರಿ. ನಾನೂ ಬರ್ತೇನಿ."

ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೆವರು ಅಂದರು. ಅಷ್ಟು ತಂಪಿನಲ್ಲಿ ಎಂಥ ಬೆವರು?

ಮನೆಗೆ ಬಂದೆವು. ಅಕ್ಕ ಹಿತ್ತಲಿನ ಬಾಗಿಲು ತೆರೆದೇ ಬಿಟ್ಟಳು. ಟಿವಿಯಲ್ಲಿ ದೆವ್ವ ಇನ್ನೂ ಬಾಯಿ ತೆರೆದುಕೊಂಡು ನಿಂತಿತ್ತು. ಅದರ ಎದುರಿಗೇ ಬೆಕ್ಕು ಹೊಟ್ಟೆ ಮೇಲೆ ಮಾಡಿ ಮಲಗಿತ್ತು.

"ಮುಂದ ಹಚ್ಚಲೇನು ಅಕ್ಕಾ?" ಅಂತ ಕೇಳಿದೆ.

ಅಕ್ಕ ಕಾಲು ಒರೆಸಿಕೊಳ್ಳುತ್ತ ಆ ದೆವ್ವವನ್ನು ಸ್ವಲ್ಪ ಹೊತ್ತು ನೋಡಿದಳು.

"ಪಾಪ," ಅಂದಳು. "ಇದಕ್ಕ ಮನ್ಯಾಗ ಯಾರೂ ಇಲ್ಲೇನೋ?"