ನಾಲ್ಕನೆಯ ಖೋಲಿಯ ನೀಲವ್ವತ್ತೆ

‘ಏನೂ ಆಗೂದಿಲ್ಲ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನೀಲವ್ವತ್ತೆಯ ಮುಖ ಬಿಳಿಚಿಕೊಳ್ಳುತ್ತಿತ್ತು. ಸೆರಗಿನ ತುದಿ ಹಲ್ಲಿಗೆ ಹೋಗುತ್ತಿತ್ತು. ಅಪ್ಪನ ತಂಗಿ ಆಕೆ. ಅಂಜುಬುರುಕಿ ಎಂದು ನಾವು ಮಕ್ಕಳು ನಗುತ್ತಿದ್ದೆವು. ನಗುವಂಥದ್ದಾಗಿರಲಿಲ್ಲ ಅದು. ಉಪ್ಪಿನಬೆಟಗೇರಿಯಲ್ಲಿ ಆಕೆಯ ಗಂಡ ಜೋಳ ತೆಗೆಯಲೆಂದು ನೆಲದಡಿಯ ಹಗೇವಿನ ಬಾಯಿ ತೆರೆಸಿ, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯದೆ ಇಳಿದಿದ್ದರು. ಮೇಲೆ ನಿಂತವರು "ಏನೂ ಆಗೂದಿಲ್ಲ, ಇಳೀರಿ" ಅಂದಿದ್ದರಂತೆ. ಹಗ್ಗ ಕಟ್ಟಿ ಮೇಲೆಳೆದದ್ದು ಹೆಣವನ್ನು. ಮಕ್ಕಳಿಲ್ಲದ ಅತ್ತೆ ಧಾರವಾಡದ ನಮ್ಮ ಮನೆಗೆ ಬಂದು ಉಳಿದಳು.

ಆಕೆಗೆ ಇದ್ದ ಆಧಾರವೆಂದರೆ ಗಂಟು ಕಟ್ಟಿಟ್ಟ ಬಂಗಾರ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು ಇದು. ಆ ಬಂಗಾರ ಮಾರಿ ಹುಬ್ಬಳ್ಳಿಯ ಸ್ಟೇಷನ್ನಿನ ಕಡೆ ನಾಲ್ಕು ಖೋಲಿಗಳ ಚಾಳ ಕೊಂಡು ಬಾಡಿಗೆಗೆ ಕೊಡುತ್ತೇನೆ ಅಂದಾಗ ಅಪ್ಪ ಸಿಡುಕಿದ.

"ಮುಳುಗಿದ್ರ ಎಲ್ಲಾ ಮುಳುಗತೈತಿ, ತಿಳೀತಿಲ್ಲೋ?"

"ಅದ ಅಂಜಿಕಿ ನನಗೂ ಐತಿ, ಅಣ್ಣಾ. ಅದಕ್ಕ ಮಂದೀನ್ನ ನೋಡಿ ಆರಿಸಬೇಕು," ಅಂದಳು ಅತ್ತೆ.

ಆರಿಸಿದ ರೀತಿ ಮಾತ್ರ ಆಕೆಯದೇ. ಚಾಳದ ಕಾಗದಪತ್ರ ನೋಡಲು ವಕೀಲರು ಒಬ್ಬೊಬ್ಬರಾಗಿ ನಮ್ಮ ಪಡಸಾಲೆಗೆ ಬಂದರು. ಎಲ್ಲರಿಗೂ ಚಹಾ, ಎಲ್ಲರಿಗೂ ಒಂದೇ ಪ್ರಶ್ನೆ: "ಇದನ್ನ ತೊಗೊಂಡ್ರ ನನಗ ಏನೇನು ಕೆಟ್ಟದ್ದಾಗಬಹುದು, ಹೇಳ್ರಿ." ದೊಡ್ಡ ರುಮಾಲಿನ ವಕೀಲರು ನಕ್ಕರು. "ನಾನಿಲ್ಲೇನವಾ? ಏನೂ ಆಗೂದಿಲ್ಲ." ಅಲ್ಲಿಗೆ ಅವರ ಕಥೆ ಮುಗಿಯಿತು. ತೋಳು ಸವೆದ ಕೋಟಿನ ಇನ್ನೊಬ್ಬರು, ಮಾರುವವನಿಗೆ ಅಣ್ಣನೊಬ್ಬನಿದ್ದಾನೆ, ಅವನ ಒಪ್ಪಿಗೆಯಿಲ್ಲದೆ ಕೊಂಡರೆ ಕೋರ್ಟು ಹತ್ತಿಸಿ ಮನೆ ಕಿತ್ತುಕೊಂಡಾನು ಎಂದು ಚೆನ್ನಾಗಿ ಹೆದರಿಸಿದರು. ಅತ್ತೆ ಸೆರಗು ಕಚ್ಚಿಕೊಂಡೇ ಎಲ್ಲ ಕೇಳಿ, ಅವರನ್ನೇ ಹಿಡಿದಳು.

"ಅಂಜಿಸಿದವರಿಗೆ ಯಾರರ ಫೀ ಕೊಡತಾರೇನು?" ಎಂದು ಅವ್ವ ಹಣೆ ಚಚ್ಚಿಕೊಂಡಳು.

ಕಟ್ಟಡ ನೋಡಲು ಗೌಂಡಿ ಬೇಕಿತ್ತು. ಸಾಲೆ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಕರೆದುಕೊಂಡು ಅತ್ತೆ ಹುಬ್ಬಳ್ಳಿಗೆ ಹೋದಳು. ಮೊದಲು ಬಂದ ಗೌಂಡಿ ಗೋಡೆ ಗುದ್ದಿ, "ಏನೂ ಆಗೂದಿಲ್ರಿ" ಅಂದ. ಅವನನ್ನು ಅಲ್ಲಿಂದಲೇ ಕಳಿಸಿದಳು. ಆಮೇಲೆ ಬಂದವನು ಹುಸೇನಸಾಬ. ಮೂರು ಖೋಲಿ ತಿರುಗಿ, ನಾಲ್ಕನೆಯದರ ಮೂಲೆಗೆ ಹೋದವನು ಸರಕ್ಕನೆ ಹಿಂದೆ ಸರಿದ.

"ಇಲ್ಲಿ ಯಾಕೋ ಕಾಲೂರಾಕ ಮನಸ್ಸ ಒಪ್ಪವಲ್ದು, ಅಕ್ಕಾರ. ಖರೇ ಅಂದ್ರ ಕಾರಣ ನನಗೂ ತಿಳೀವಲ್ದು. ಅಗದು ನೋಡೂಣ್ರಿ."

ಮಾರುವವನು ಗೊಣಗಿದರೂ ಅಗೆಸಿದೆವು. ಮಣ್ಣಿನಡಿ ಒಂದು ಚಪ್ಪಡಿ. ಅದನ್ನು ಸರಿಸಿದರೆ ಕಪ್ಪು ಬಾಯಿ, ಹಳೆಯ ಹಗೇವು. ಹುಸೇನಸಾಬ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ತುಸು ಕೆಳಗೆ ಹೋಗುತ್ತಲೇ ದೀಪ ಆರಿತು. ಅತ್ತೆ ಹೊರಗೆ ಕಟ್ಟೆಯ ಮೇಲೆ ಕುಸಿದು, "ಮುಚ್ಚರಿ, ಲಗೂ ಮುಚ್ಚರಿ" ಎಂದು ಚೀರುತ್ತಿದ್ದಳು.

ಚಾಳದ ಮಾತು ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಮಾರುವವನು ಬೆಲೆ ಇಳಿಸಿದ, ಅವನ ಅಣ್ಣನೂ ಒಪ್ಪಿದ, ಅತ್ತೆ ಕೊಂಡಳು! ಹಗೇವಿಗೆ ಕಲ್ಲು, ಗರಸು ತುಂಬಿದ ಹುಸೇನಸಾಬ, "ದೊಡ್ಡ ಮಳಿ ಬಂದ್ರ ಕುಸಿಯೂದಿಲ್ಲಂತ ನಾ ಹೇಳಾಂಗಿಲ್ರಿ" ಅಂದ. ಮೂರು ಖೋಲಿಗಳಿಗೆ ರೈಲ್ವೆ ಕೆಲಸಗಾರರ ಸಂಸಾರಗಳು ಬಂದವು. ನಾಲ್ಕನೆಯದನ್ನು ಎಷ್ಟು ಜನ ಕೇಳಿದರೂ ಅತ್ತೆ ಕೊಡಲಿಲ್ಲ. "ಮಂದಿ ಮಕ್ಕಳನ್ನ ಅದರ ಮ್ಯಾಲ ಹ್ಯಾಂಗ ಮಲಗಸಲಿ?" ಎಂದು ತಾನೇ ಹಾಸಿಗೆ ಕಟ್ಟಿಕೊಂಡು ಅಲ್ಲಿಗೆ ಹೋದಳು. ಬೇಡವೆಂದು ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ.

ನಾನು ಆಕೆಯನ್ನು ಕೊನೆಗೆ ನೋಡಿದ್ದು ಆಕೆ ಜ್ವರದಿಂದ ತೀರಿಕೊಳ್ಳುವ ಮುಂಚಿನ ಮಳೆಗಾಲದಲ್ಲಿ. ಮೂರು ದಿನದಿಂದ ಜಡಿಮಳೆ. ಖೋಲಿಯೊಳಗೆ ಕಾಲಿಟ್ಟವಳೇ ಮೂಲೆ ನೋಡಿದೆ. ನೆಲ ತಗ್ಗಾಗಿತ್ತು. ನೋಡುತ್ತಿದ್ದಂತೆ ಅಲ್ಲಿಂದ ಸಣ್ಣಗೆ ಮಣ್ಣು ಜಾರಿದ ಸದ್ದು.

"ಏಳ ಅತ್ತಿ, ಮನಿಗೆ ಹೋಗೂಣು. ನಿನಗ ಅಂಜಿಕಿ ಆಗೂದಿಲ್ಲೇನು?"

ಅತ್ತೆ ನನ್ನ ಕೈ ಹಿಡಿದುಕೊಂಡಳು.

"ಆಗತೈತಿ ಯವ್ವಾ, ಭಾಳ ಆಗತೈತಿ. ಆದ್ರ ಇಲ್ಲಿ ಮಳಿ ಬಂದಾಗಷ್ಟ ಅಂಜತೇನಿ. ನಿಮ್ಮ ಮನ್ಯಾಗ ಎರಡನೇ ರೊಟ್ಟಿಗೆ ಕೈ ಚಾಚೂ ಮುಂದ ದಿನಾ ಅಂಜತಿದ್ದೆ."